ಅಳಿಸಿದ ಗೋಡೆ

ಬಸ್ಸು ಹೊಳಲ್ಕೆರೆಯ ನಿಲ್ದಾಣದಲ್ಲಿ ನಿಂತು ಇಂಜಿನ್ ಆರಿದಾಗ ಜಂಪಣ್ಣನಿಗೆ ಇಲ್ಲೇ ಇಳಿದುಬಿಡಬಹುದಲ್ಲ ಎನ್ನಿಸಿತು. ತೊಡೆಯ ಮೇಲೆ ಅಡ್ಡಲಾಗಿಟ್ಟುಕೊಂಡಿದ್ದ ತಗಡಿನ ಕೊಳವೆಯೊಳಗೆ ಹೊಸದುರ್ಗದ ಸಣ್ಣಪ್ಪನವರ ಮನೆ ನಕ್ಷೆಯಾಗಿ ಸುರುಳಿ ಸುತ್ತಿಕೊಂಡು ಮಲಗಿತ್ತು. ಇಳಿದು, ಎದುರಿನ ಹೋಟೆಲಿನಲ್ಲಿ ಒಂದು ಕಾಫಿ ಕುಡಿದು, ಚಿತ್ರದುರ್ಗದ ಬಸ್ಸು ಹತ್ತಿ ವಾಪಸು ಹೋಗಿ, ‘ಅಲ್ಲಿ ಯಾರೂ ಸಿಗಲಿಲ್ಲ ಸಾರ್’ ಎಂದರೆ ಎಂಜಿನಿಯರ್ ಗೋವಿಂದಪ್ಪನವರು ಏನು ಮಾಡಿಯಾರು? ಬೈದಾರು. ಬೈಸಿಕೊಳ್ಳುವುದು ಅವನಿಗೆ ಹೊಸದಲ್ಲ. ಆದರೂ ಕಾಲು ಏಳಲಿಲ್ಲ. ಕಿಟಕಿಯಾಚೆ ಗೋಡೆಯ ಮೇಲೆ ಕುಟುಂಬ ಯೋಜನೆಯ ಕೆಂಪು ತ್ರಿಕೋನ ಬರೆದಿದ್ದರು; ಅದರ ತಳದ ಗೆರೆ ಒಂದು ಕಡೆಗೆ ವಾಲಿದ್ದು ಅವನ ಕಣ್ಣಿಗೆ ಚುಚ್ಚುತ್ತಿತ್ತು. ಇಂಥವೆಲ್ಲ ಅವನಿಗೆ ಬೇಗ ಕಾಣುತ್ತವೆ. ಎದುರಿಗೆ ಕೂತವರ ಮುಖ ನೋಡಿ ಮನಸ್ಸು ತಿಳಿಯಲಾರದವನು ಗೆರೆ ವಾಲಿದ್ದನ್ನು ಮಾತ್ರ ನಿದ್ದೆಯಲ್ಲೂ ಕಂಡುಹಿಡಿಯುತ್ತಾನೆ. ‘ನಿಮಗೆ ನನ್ನ ಮುಖಕ್ಕಿಂತ ಸೀರೆ ಅಂಚೇ ಜಾಸ್ತಿ ಕಾಣ್ತೈತೆ’ ಎಂದು ಹೆಂಡತಿ ಚಂದ್ರಕ್ಕ ಛೇಡಿಸುವುದುಂಟು. ಅಂಚು ಸೊಟ್ಟಗಿದ್ದರೆ ಕಾಣದೆ ಏನು ಮಾಡುತ್ತದೆ ಎಂದು ಅವನು ಒಳಗೊಳಗೇ ಅಂದುಕೊಳ್ಳುತ್ತಾನೆ, ಹೇಳುವುದಿಲ್ಲ. ಬಸ್ಸು ಮತ್ತೆ ಹೊರಟಿತು. ಇಳಿಯುವ ಮಾತು ಅಲ್ಲಿಗೆ ಮುಗಿಯಿತು.

ವಿಷಯ ಇಷ್ಟೇ. ಕೊಬ್ಬರಿ ವ್ಯಾಪಾರದ ಸಣ್ಣಪ್ಪನವರು ಕಟ್ಟಿಸುತ್ತಿರುವ ಹೊಸ ಮನೆಯ ಹಾಲಿನಲ್ಲಿ ಇರಬಾರದ ಒಂದು ಗೋಡೆ ಎದ್ದುನಿಂತಿತ್ತು. ವ್ಯಾಪಾರಕ್ಕೆಂದು ತಿಪಟೂರಿಗೆ ಹೋಗಿದ್ದವರು ಬಂದು ನೋಡಿದರೆ ಗೋಡೆ ಸೊಂಟದುದ್ದ ಬೆಳೆದುಬಿಟ್ಟಿದೆ. ಬೆಳಿಗ್ಗೆ ಟ್ರಂಕ್ ಕಾಲ್ ಬಂದಾಗ ಗೋವಿಂದಪ್ಪನವರು ಫೋನನ್ನು ಕಿವಿಯಿಂದ ಗೇಣುದೂರ ಹಿಡಿದುಕೊಂಡು ಕೇಳಿದರು; ಆ ಕೂಗು ಮೂಲೆಯ ಮೇಜಿನಲ್ಲಿ ಕೂತಿದ್ದ ಜಂಪಣ್ಣನಿಗೂ ಕೇಳಿಸಿತು. ಫೋನಿಟ್ಟ ಮೇಲೆ ಎಂಜಿನಿಯರ್ ಸಾಹೇಬರು ಅವನ ಹತ್ತಿರ ಬಂದು, ಬಹಳ ಪ್ರೀತಿಯಿಂದ ಎಂಬಂತೆ ಹೆಗಲ ಮೇಲೆ ಕೈಯಿಟ್ಟರು. “ನೋಡಪ್ಪ ಜಂಪಣ್ಣ, ಮೂಲ ನಕ್ಷೆ ತಗಂಡೋಗಿ ತೋರ್ಸು. ಅದ್ರಾಗೆ ಗೋಡೆ ಇಲ್ಲ. ಮೇಸ್ತ್ರಿ ತಪ್ಪು ತಿಳ್ಕಂಡು ಕಟ್ಯಾನೆ, ಅವನ ಕೈಯಿಂದ್ಲೇ ಕೆಡವಿಸ್ರಿ ಅಂತ ಹೇಳಿ ಬಾ. ತಪ್ಪು ನಮ್ದು ಅಂತ ಬಾಯಿ ಬಿಟ್ಯೋ, ನಾಳೆಯಿಂದ ಈ ಮೇಜಿನ ತಾವ ಕುಂತ್ಕಬ್ಯಾಡ.” ಕೈ ಹೆಗಲ ಮೇಲೆಯೇ ಇತ್ತು. ಜಂಪಣ್ಣ ಹೂಂ ಎಂದ. ಹೂಂ ಎನ್ನುವುದು ಅವನ ಬಾಯಿಂದ ತಾನಾಗಿಯೇ ಬರುತ್ತದೆ, ಕೆಮ್ಮಿನ ಹಾಗೆ.

ಆದರೆ ಗೋಡೆ ಇತ್ತು. ಅವನೇ ಬರೆದಿದ್ದ, ಅವನೇ ಅಳಿಸಿದ್ದ. ನಕ್ಷೆ ಬರೆಯುವವರ ಕಷ್ಟ ಮನೆ ಕಟ್ಟಿಸುವವರಿಗೆ ತಿಳಿಯುವುದಿಲ್ಲ. ಅವರು ಬಂದು ಕೂತು, ಕಾಫಿ ತರಿಸಿಕೊಂಡು, ‘ಈ ಬಾಗಿಲು ಒಂಚೂರು ಈ ಕಡೆಗೆ’ ಎಂದು ಬೆರಳಲ್ಲಿ ತಳ್ಳುತ್ತಾರೆ, ಹೊಗೆ ತಳ್ಳಿದಂತೆ. ಇವನು ಟ್ರೇಸಿಂಗ್ ಪೇಪರಿನ ಮೇಲೆ ಒಣಗಿದ ಮಸಿಯನ್ನು ಬ್ಲೇಡಿನ ಅಂಚಿನಿಂದ ಉಸಿರು ಹಿಡಿದು ಕೆರೆಯಬೇಕು. ಕೆರೆದ ಜಾಗಕ್ಕೆ ಉಗುರು ತಿಕ್ಕಿ ನಯ ಮಾಡಿ ಮತ್ತೆ ಬರೆಯಬೇಕು. ಪೇಪರ್ ಹರಿದರೆ ಇಡೀ ಮನೆಯನ್ನು ಮೊದಲಿಂದ ಬರೆಯಬೇಕು. ಅದು ಮುಗಿಯಿತೆನ್ನುವಾಗ ನೆನಪಾಗುತ್ತದೆ, ಬಾಗಿಲು ಸರಿದದ್ದು ನೆಲದ ನಕ್ಷೆಯಲ್ಲಿ ಮಾತ್ರ. ಮುಂಭಾಗದ ಹಾಳೆಯಲ್ಲಿ ಅದು ಹಳೆಯ ಜಾಗದಲ್ಲೇ ನಿಂತು ಹಲ್ಲು ಕಿರಿಯುತ್ತಿದೆ. ಅಲ್ಲೂ ಕೆರೆ. ಆಮೇಲೆ ಮನೆಯನ್ನು ಅಡ್ಡ ಸೀಳಿ ತೋರಿಸುವ ಹಾಳೆಯಲ್ಲಿ ಕೆರೆ. ಅಷ್ಟರಲ್ಲಿ ಅವರು ಮತ್ತೆ ಬಂದು, ಯೋಚನೆ ಮಾಡಿದ್ವಿ, ಬಾಗಿಲು ಮೊದಲಿದ್ದಲ್ಲೇ ಇರಲಿ ಎನ್ನುತ್ತಾರೆ. ಜಂಪಣ್ಣ ಇದಕ್ಕೆಲ್ಲ ಕೋಪ ಮಾಡಿಕೊಳ್ಳುವುದನ್ನು ಬಿಟ್ಟು ಬಹಳ ಕಾಲವಾಗಿತ್ತು. ಕೋಪದ ಬದಲು ಒಂದು ಜೊಂಪು ಹತ್ತುತ್ತಿತ್ತು. ಗೆರೆ ಎಳೆಯುವ ಟಿ-ಸ್ಕ್ವೇರಿನ ಮೇಲೆ ಮೊಣಕೈ ಊರಿ, ತಾನು ಬರೆದ ಮನೆಯೊಳಗೆ ತಾನೇ ಹೊಕ್ಕುಬಿಡುತ್ತಿದ್ದ. ಪಡಸಾಲೆ ದಾಟಿ ಅಡುಗೆಮನೆಗೆ ಹೋದರೆ ಯಾರೋ ಒಗ್ಗರಣೆ ಹಾಕುತ್ತಿರುವ ವಾಸನೆ. ಹಿತ್ತಿಲ ಬಾಗಿಲಲ್ಲಿ ಬಿಸಿಲು. ಅವನಿದ್ದ ಬಾಡಿಗೆ ಮನೆಯಲ್ಲಿ ಹಿತ್ತಿಲೂ ಇಲ್ಲ, ಬಿಸಿಲೂ ಇಲ್ಲ. ಹಾಗಾಗಿ ಊರವರ ಮನೆಗಳಲ್ಲಿ, ಅವು ಹುಟ್ಟುವ ಮುಂಚೆಯೇ, ಅವನು ಒಂದಷ್ಟು ದಿನ ಪುಗಸಟ್ಟೆ ಬಾಳಿ ಬರುತ್ತಿದ್ದ. ಕೋಣೆಯೊಂದನ್ನು ಅಳಿಸಬೇಕಾದಾಗ ಅಲ್ಲಿ ಮಲಗಿದ್ದ ಯಾರನ್ನೋ ಎಬ್ಬಿಸಿ ಕಳಿಸಿದಂತಾಗುತ್ತಿತ್ತು.

ಸಣ್ಣಪ್ಪನವರು ಮೊದಲ ಸಲ ಆಫೀಸಿಗೆ ಬಂದಾಗ ಜೊತೆಗೆ ಹೆಂಡತಿ ಶಾಂತಕ್ಕ, ಹಿಂದೆ ಅಕ್ಕ ಕಾಳಕ್ಕ. ಕಾಳಕ್ಕ ಚಿಕ್ಕಂದಿನಲ್ಲೇ ಗಂಡನನ್ನು ಕಳೆದುಕೊಂಡು ತವರಿಗೆ ಬಂದವಳು. ತಮ್ಮನನ್ನು ಎತ್ತಿ ಆಡಿಸಿದವಳು ಅವಳೇ ಎಂದು ಸಣ್ಣಪ್ಪನವರೇ ಅಭಿಮಾನದಿಂದ ಹೇಳಿದರು. ಕುರ್ಚಿ ಎರಡೇ ಇದ್ದವು. ಆಕೆ ಮೇಜಿನ ಪಕ್ಕ ನಿಂತೇ ಇದ್ದಳು. ಗೋವಿಂದಪ್ಪನವರು ಹಾಲು, ಬೆಡ್‌ರೂಮು, ಬಾಲ್ಕನಿ ಎಂದು ಹೇಳುತ್ತ ಹೋದಂತೆ ಶಾಂತಕ್ಕನ ಕಣ್ಣುಗಳು ಅಗಲವಾಗುತ್ತಿದ್ದವು. ಎಲ್ಲ ಮುಗಿದ ಮೇಲೆ ಕಾಳಕ್ಕ, ಬೇರೆ ಯಾರಿಗೂ ಕೇಳಿಸಬಾರದೆಂಬಂತೆ ಜಂಪಣ್ಣನ ಕಡೆ ಬಗ್ಗಿ, “ನನ್ನ ಮಂಚ ಎಲ್ಲಿ ಬರ್ತೈತಪ್ಪ?” ಎಂದಳು. ಅವನಿಗೆ ಆ ಪ್ರಶ್ನೆ ಹೊಸದು. ಇಷ್ಟು ವರ್ಷದಲ್ಲಿ ಯಾರೂ ಹಾಗೆ ಕೇಳಿರಲಿಲ್ಲ. ಎಲ್ಲರೂ ರೂಮಿನ ಉದ್ದಗಲ ಕೇಳುವವರೇ. ಅವನ ತಾಯಿ ಓಬಕ್ಕ ಹಿರೇಗುಂಟನೂರಿನ ಮನೆಯಲ್ಲಿ ಎಲ್ಲಿ ಮಲಗುತ್ತಿದ್ದಳು? ಕುರಿಮರಿಗಳನ್ನು ಕವುಚಿಡುವ ದೊಡ್ಡ ಬುಟ್ಟಿಯ ಪಕ್ಕದಲ್ಲಿ. ಮರಿಗಳು ಒಳಗಿಂದ ಅರಚಿದರೆ ಅವಳು ನಿದ್ದೆಯಲ್ಲೇ ಬುಟ್ಟಿಯನ್ನು ತಟ್ಟುತ್ತಿದ್ದಳು. ಅದು ಅವಳ ಜಾಗವೋ ಮರಿಗಳ ಜಾಗವೋ ಎಂದು ಅವನು ಯೋಚಿಸಿದ್ದೇ ಇಲ್ಲ. ಈಗ ಯೋಚಿಸಿದರೆ ಅವಳಿಲ್ಲ, ಬುಟ್ಟಿಯೂ ಇಲ್ಲ. ಕಾಳಕ್ಕ ಉತ್ತರಕ್ಕೆ ಕಾಯುತ್ತಿದ್ದಳು. ಅವನು ಪೆನ್ಸಿಲಿನಿಂದ ಹಾಲಿನ ಒಂದು ಮೂಲೆಯಲ್ಲಿ ಸಣ್ಣ ಕೋಣೆ ಎಳೆದು, ಅದರೊಳಗೆ ಮಂಚವನ್ನೂ ಬರೆದು, ಪೂರ್ವಕ್ಕೆ ಕಿಟಕಿಯಿಟ್ಟ. “ಇಲ್ಲಿ ಅಕ್ಕಾ. ಬೆಳಿಗ್ಗೆ ಬಿಸ್ಲು ಬರ್ತೈತೆ.” ಆಕೆ ಆ ಪುಟ್ಟ ಮಂಚವನ್ನು ಬೆರಳ ತುದಿಯಿಂದ ಮುಟ್ಟಿ ನೋಡಿ, ಬೆರಳಿಗೆ ಹತ್ತಿದ ಪೆನ್ಸಿಲಿನ ಕಪ್ಪನ್ನು ಸೆರಗಿಗೆ ಒರೆಸಿಕೊಂಡಳು.

ಆಮೇಲೆ ಅವರು ಬಂದಾಗ ಒಮ್ಮೆಯೂ ಕಾಳಕ್ಕ ಜೊತೆಗಿರಲಿಲ್ಲ. ಕೋಣೆ ಒಂದೊಂದು ಸಲ ಒಂದೊಂದು ಚೂರು ಕುಗ್ಗಿತು. ಶಾಂತಕ್ಕನಿಗೆ ದೇವರ ಮನೆ ದೊಡ್ಡದಾಗಬೇಕಿತ್ತು, ಗೋಡೆ ಸರಿಯಿತು. ಮಹಡಿಗೆ ಮೆಟ್ಟಿಲು ಒಳಗಿನಿಂದಲೇ ಬೇಕೆಂದಾಯಿತು, ಗೋಡೆ ಮತ್ತೆ ಸರಿಯಿತು. ಮಂಚ ಅಡ್ಡಕ್ಕೆ ಹಿಡಿಸದಾಯಿತು, ಉದ್ದಕ್ಕೆ ತಿರುಗಿಸಿದ. ಕೊನೆಯ ಸಲ ಸಣ್ಣಪ್ಪನವರು ಒಬ್ಬರೇ ಬಂದಿದ್ದರು. ನಕ್ಷೆಯನ್ನು ಬಹಳ ಹೊತ್ತು ನೋಡಿ, “ಈ ಗೂಡು ತೆಗೆದ್ರೆ ಹಾಲು ಭರ್ಜರಿಯಾಗ್ತೈತಲ್ವಾ?” ಎಂದರು. ತೊಲೆ ಹಾಕಿದರೆ ಆಯಿತು, ಗೋಡೆಯ ಅಗತ್ಯವಿಲ್ಲ ಎಂದು ಗೋವಿಂದಪ್ಪನವರು ಹೇಳಿದರು. ಜಂಪಣ್ಣ ಹೇಗೋ ಧೈರ್ಯ ಮಾಡಿ, “ಕಾಳಕ್ಕನೋರು...” ಎಂದ. ಸಣ್ಣಪ್ಪನವರು ಕಿಟಕಿಯಿಂದ ದುರ್ಗದ ಕೋಟೆಯ ಬಂಡೆಗಳನ್ನು ನೋಡುತ್ತ, “ಅಕ್ಕಂಗೇನು, ಎಲ್ಲಾದ್ರೂ ನಡೀತೈತೆ” ಎಂದರು. ದನಿಯಲ್ಲಿ ಕ್ರೌರ್ಯವೇನೂ ಇರಲಿಲ್ಲ. ಅದೇ ಅವನಿಗೆ ಕಷ್ಟವಾದದ್ದು. ಕ್ರೌರ್ಯವಿದ್ದಿದ್ದರೆ ಮನಸ್ಸಿನಲ್ಲಾದರೂ ಬೈದುಕೊಳ್ಳುತ್ತಿದ್ದ. ಬ್ಲೇಡು ತೆಗೆದು ಕೆರೆಯಲು ಕೂತ. ಬಾಗಿಲು, ಕಿಟಕಿ, ಮಂಚ ತೆಳು ಗೆರೆಗಳು, ಚೆನ್ನಾಗಿ ಹೋದವು. ಗೋಡೆಗೆ ಮಸಿ ದಪ್ಪಗೆ ಕುಡಿಸಿದ್ದ. ಎಷ್ಟು ಕೆರೆದರೂ ಪೇಪರಿನ ಮೈ ಒರಟಾಯಿತೇ ಹೊರತು ಪೂರ್ತಿ ತಿಳಿಯಾಗಲಿಲ್ಲ. ಇನ್ನೂ ಕೆರೆದರೆ ತೂತು ಬೀಳುತ್ತಿತ್ತು. ತೂತು ಬಿದ್ದರೆ ಇಡೀ ಮನೆ ಮತ್ತೆ. ಅವನು ಕೈಬಿಟ್ಟ.

ಮೇಸ್ತ್ರಿಗೆ ಕೊಡಲು ನಕ್ಷೆಯ ಪ್ರಿಂಟ್ ತೆಗೆಯುವ ದಿನ ಮೋಡವಿತ್ತು. ಗಾಜಿನ ಚೌಕಟ್ಟಿನೊಳಗೆ ಟ್ರೇಸಿಂಗನ್ನೂ ಅದರಡಿ ಮದ್ದು ಸವರಿದ ಕಾಗದವನ್ನೂ ಇಟ್ಟು ತಾರಸಿಯ ಮೇಲೆ ಬಿಸಿಲಿಗೆ ಒಡ್ಡಬೇಕು. ಬೆಳಕು ಬಿದ್ದಲ್ಲಿ ಬಿಳಿ, ಗೆರೆ ಇದ್ದಲ್ಲಿ ನೀಲಿ. ಜೋರು ಬಿಸಿಲಾದರೆ ಕೆರೆದ ಕಲೆಗಳೆಲ್ಲ ಸುಟ್ಟುಹೋಗಿ ಕಾಗದ ಚೊಕ್ಕಟವಾಗುತ್ತದೆ. ಮೋಡದಲ್ಲಿ ಕಾಯಬೇಕು, ತಾಳ್ಮೆ ಬೇಕು. ಅವನು ಚೌಕಟ್ಟಿನ ಪಕ್ಕ ಕುಕ್ಕರುಗಾಲಲ್ಲಿ ಕೂತು, ಬಂಡೆಗಳ ಮೇಲೆ ಮೋಡದ ನೆರಳು ಹತ್ತಿ ಇಳಿಯುವುದನ್ನು ನೋಡುತ್ತ ಎಲ್ಲಿಗೋ ಹೋಗಿಬಿಟ್ಟಿದ್ದ. ಕೆಳಗಿನಿಂದ ಗೋವಿಂದಪ್ಪನವರು ಕೂಗಿದ್ದರು. ಗಡಿಬಿಡಿಯಲ್ಲಿ ಕಾಗದ ತೆಗೆದು ಅಮೋನಿಯಾದ ಪೆಟ್ಟಿಗೆಯಲ್ಲಿಟ್ಟ. ಕಣ್ಣು ಉರಿಸುವ ಆ ಘಾಟಿನ ನಡುವೆ ಮನೆ ನೀಲಿಯಾಗಿ ಮೂಡಿತು. ಅದರೊಳಗೆ ಮಸುಕಾಗಿ, ಉಗಿಯಂತೆ, ಕಾಳಕ್ಕನ ಕೋಣೆಯ ಗೋಡೆ. ಅವನು ಅದನ್ನು ನೋಡಿದ್ದ. ಇದೊಂದರ ಬಗ್ಗೆ ಮಾತ್ರ ಅವನು ತನಗೆ ತಾನೇ ಸುಳ್ಳು ಹೇಳಿಕೊಳ್ಳಲಾರ. ನೋಡಿ, ಇನ್ನೊಂದು ಪ್ರಿಂಟ್ ತೆಗೆಯಬೇಕೆಂದುಕೊಂಡು, ತೆಗೆಯದೆ, ಮಡಿಚಿ ಕೊಟ್ಟಿದ್ದ. ಸೋಮಾರಿತನವೋ, ಬೇಕೆಂದೇ ಬಿಟ್ಟನೋ? ಬಸ್ಸು ತೆಂಗಿನ ತೋಟಗಳ ನಡುವೆ ಹೋಗುತ್ತಿದ್ದಾಗ, ನೆರಳು ಬಿಸಿಲು ನೆರಳು ಬಿಸಿಲು ಮುಖದ ಮೇಲೆ ಓಡುತ್ತಿದ್ದಾಗ, ಅವನು ಈ ಪ್ರಶ್ನೆಯನ್ನು ಕೇಳಿಕೊಂಡೇ ಕೇಳಿಕೊಂಡ. ಬೇಕೆಂದೇ ಬಿಟ್ಟೆ ಎನ್ನಲು ಆಸೆಯಾಗುತ್ತಿತ್ತು. ಹಾಗೆಂದುಕೊಂಡರೆ ತಾನೊಬ್ಬ ಒಳ್ಳೆಯ ಮನುಷ್ಯ. ಆದರೆ ಆಗ ಹಸಿವಾಗಿತ್ತು, ಊಟದ ಹೊತ್ತಾಗಿತ್ತು ಎಂಬುದೂ ನೆನಪಿತ್ತು.

ಹೊಸದುರ್ಗದಲ್ಲಿ ಇಳಿದು ನಡೆದಾಗ ಮನೆ ದೂರದಿಂದಲೇ ಕಂಡಿತು. ತಾನು ಎಷ್ಟೋ ಸಲ ಓಡಾಡಿದ ಮನೆ, ಹೀಗೆ ಇಟ್ಟಿಗೆಯಾಗಿ, ಇಷ್ಟು ದೊಡ್ಡದಾಗಿ ನಿಂತಿದ್ದನ್ನು ಕಂಡು ಅವನಿಗೆ ನಾಚಿಕೆಯಾಯಿತು. ಸಣ್ಣಪ್ಪನವರು ಮರಳಿನ ಗುಡ್ಡೆಯ ಪಕ್ಕ ನಿಂತಿದ್ದರು. ಶಾಂತಕ್ಕ ಛತ್ರಿ ಹಿಡಿದಿದ್ದಳು. ಮೇಸ್ತ್ರಿ ದುರುಗಣ್ಣ ತಲೆಗೆ ಟವೆಲು ಸುತ್ತಿ, ಶಾಲೆಯಲ್ಲಿ ತಪ್ಪು ಮಾಡಿದವನಂತೆ ಒಂದು ಕಡೆಗೆ ಸರಿದಿದ್ದ. ಹಾಲಿನೊಳಗೆ, ಆ ಗೋಡೆಯ ಆಚೆ, ಕಾಳಕ್ಕ. ಚೊಂಬಿನಿಂದ ಗೋಡೆಯ ನೆತ್ತಿಗೆ ನೀರು ಹಾಕುತ್ತಿದ್ದಳು. ಹಸಿ ಸಿಮೆಂಟಿನ ವಾಸನೆ ಬರುತ್ತಿತ್ತು. ಗೋಡೆಗೆ ಬಾಗಿಲಿಗೆಂದು ಬಿಟ್ಟ ಜಾಗವೇ ಇರಲಿಲ್ಲ. ಹತ್ತಲೆಂದು ಗೋಡೆಯ ಎರಡೂ ಕಡೆ ಕಲ್ಲು ಒಟ್ಟಿಕೊಂಡು ಆಕೆ ಒಳಗೆ ಇಳಿದಿದ್ದಳು. ನೆಲದ ಮೇಲೆ ಒಂದು ಗೋಣಿಚೀಲ ಹಾಸಿತ್ತು, ಮಂಚ ಬರಬೇಕಾದ ಕಡೆಯಲ್ಲೇ.

“ಬಾರಪ್ಪ, ನೋಡು ನಿಮ್ ಆಫೀಸಿನ ಕೆಲ್ಸವಾ,” ಎಂದರು ಸಣ್ಣಪ್ಪನವರು. “ಪರ್ಮಿಟ್ ಸಿಮೆಂಟು! ತಾಲ್ಲೂಕು ಆಫೀಸಿಗೆ ಅಲೆದಲೆದು ಕಾಲು ಸವೆದೈತೆ ನಂದು. ಅದನ್ನ ತಂದು ಇವ್ನು ಹಾಲಿನ ಮಧ್ಯೆ ಗೋಡೆ ಎಬ್ಬಿಸ್ಯಾನೆ.”

ದುರುಗಣ್ಣ ಅಂಗಿಯೊಳಗಿಂದ ಪ್ರಿಂಟ್ ತೆಗೆದ. ಮಡಿಕೆಯಲ್ಲಿ ಹರಿದು, ಗಾರೆಯ ಬೆರಳಚ್ಚು ಹತ್ತಿದ್ದ ಕಾಗದ. “ಇದ್ರಾಗೈತಲ್ಲ ಸೋಮಿ. ಮಸುಕಿದ್ರೂ ಗೋಡೆ ಗೋಡೆನೇ ಅಲ್ವಾ? ಬಾಗ್ಲೆಲ್ಲಿ ಅಂತ ಕೇಳಾಣ ಅಂದ್ರೆ ಸಾಹುಕಾರ್ರು ಊರಾಗಿಲ್ಲ. ಕಾಳಕ್ಕನೋರ್ನ ಕೇಳ್ದೆ. ನೀನು ಗೋಡೆ ಕಟ್ಟು, ಬಾಗ್ಲು ನಮ್ ತಮ್ಮ ಬಂದು ಹೇಳ್ತಾನೆ ಅಂದ್ರು.”

“ಅಕ್ಕಂಗೇನು ಗೊತ್ತಾಗ್ತೈತಲೇ?” ಎಂದರು ಸಣ್ಣಪ್ಪನವರು. ಕಾಳಕ್ಕ ತಲೆಯೆತ್ತಲಿಲ್ಲ.

ಜಂಪಣ್ಣ ಕೊಳವೆಯ ಮುಚ್ಚಳ ತೆಗೆದು ಮೂಲ ನಕ್ಷೆಯನ್ನು ಇಟ್ಟಿಗೆಗಳ ಮೇಲೆ ಬಿಡಿಸಿದ. ಗಾಳಿಗೆ ಅದು ಪಟಪಟ ಎಂದಿತು. ಸಣ್ಣಪ್ಪನವರು ಬಗ್ಗಿ ನೋಡಿ, “ಇಲ್ಲ! ಇದ್ರಾಗಿಲ್ವಲ್ಲ ಗೋಡೆ!” ಎಂದು ಗೆದ್ದವರಂತೆ ಮೇಸ್ತ್ರಿಯ ಕಡೆ ತಿರುಗಿದರು. ದುರುಗಣ್ಣನ ಮುಖ ಇಳಿದುಹೋಯಿತು. ಅವನು ತನ್ನ ಕಾಗದವನ್ನೂ ಈ ಕಾಗದವನ್ನೂ ನೋಡಿ, ಕೊನೆಗೆ ಜಂಪಣ್ಣನನ್ನು ನೋಡಿದ. ಈಗ ಮಾತಾಡಬೇಕಾದವನು ತಾನು. ಮೇಸ್ತ್ರಿಯ ತಪ್ಪು ಎಂದರೆ ಸಂಜೆಯೊಳಗೆ ಗೋಡೆ ನೆಲಕ್ಕೆ. ದುರುಗಣ್ಣನ ಕೂಲಿಯೂ ನೆಲಕ್ಕೆ. ನನ್ನ ತಪ್ಪು ಎಂದರೆ ನಾಳೆ ಮೂಲೆಯ ಮೇಜು ಇಲ್ಲ, ಗೋಡೆಯಂತೂ ಹೇಗೂ ಬೀಳುತ್ತದೆ. ತಲೆಯೊಳಗೆ ಎಲ್ಲ ಹಗುರವಾಗಿ, ದೂರದಲ್ಲಿ ನಡೆಯುತ್ತಿರುವಂತೆ ಇತ್ತು. ಬಿಸಿಲಿಗೆ ಹಿಡಿದ ಟ್ರೇಸಿಂಗಿನಲ್ಲಿ ತಾನು ಕೆರೆದ ಜಾಗ ಕೆನೆಯಂತೆ ಮಂಜಾಗಿ ಕಾಣುತ್ತಿತ್ತು. ಆ ಮಂಜಿನೊಳಗೆ ಪೂರ್ವದ ಕಿಟಕಿ ಇತ್ತು, ಕಿಟಕಿಯ ಕೆಳಗೆ ಹಾಸಿಗೆ ಇತ್ತು, ಹಾಸಿಗೆಯ ಮೇಲೆ ಬೆಳಗಿನ ಬಿಸಿಲಿಗೆ ಕಾಲು ಚಾಚಿ ಯಾರೋ ಹೂ ಕಟ್ಟುತ್ತಿದ್ದರು.

“ಗೋಡೆ ಇರ್ಬೇಕು,” ಎಂದ.

ತನ್ನ ದನಿ ಕೇಳಿ ಅವನಿಗೇ ಆಶ್ಚರ್ಯವಾಯಿತು. ಗೋವಿಂದಪ್ಪನವರ ದನಿಯಂತೆ ಗಟ್ಟಿಯಾಗಿತ್ತು. “ಮೊದ್ಲು ತೆಗೆದಿದ್ವಿ. ಆಮೇಲೆ ಲೆಕ್ಕ ಹಾಕಿ ನೋಡಿದ್ರೆ ಹಾಲು ಅಗಲ ಜಾಸ್ತಿಯಾಯ್ತು. ಮ್ಯಾಲೆ ತಾರಸಿ ಬರ್ತೈತಲ್ರಿ, ಈ ಗೋಡೆ ಅದರ ಭಾರ ಹೊರ್ತೈತೆ. ಕೆಡವಿದ್ರೆ ಬಿರುಕು ಬಿಡ್ತೈತೆ. ಅದಕ್ಕೇ ಪ್ರಿಂಟಿನಾಗೆ ಮತ್ತೆ ಹಾಕಿದ್ದು.” ಹಾಕಬೇಕಾದ ತೊಲೆಯ ಮಾತನ್ನು ಅವನು ಎತ್ತಲಿಲ್ಲ. ಸಣ್ಣಪ್ಪನವರಿಗೆ ಅದು ನೆನಪಾಗದಿರಲಿ ಎಂದು ಕಂಡ ದೇವರಿಗೆಲ್ಲ ಮೊರೆಯಿಟ್ಟ. ಅವರು ಗೋಡೆಯನ್ನೂ ಆಕಾಶವನ್ನೂ, ಅಲ್ಲಿಲ್ಲದ ತಾರಸಿಯನ್ನು ಅಳೆಯುವವರಂತೆ ನೋಡಿದರು. ಬಿರುಕು ಎಂಬ ಮಾತು ನಾಟಿತ್ತು.

“ಮೊದ್ಲೇ ಹೇಳ್ಬಾರ್ದೇನಪ್ಪ,” ಎಂದರು ಕೊನೆಗೆ, ಸೋತು. “ಇರ್ಲಿ ಬಿಡು ಹಂಗಾದ್ರೆ.”

ಜಂಪಣ್ಣನಿಗೆ ಎದೆ ತುಂಬಿಬಂತು. ಬದುಕಿನಲ್ಲಿ ಮೊದಲ ಸಲ ತಾನು ಒಂದು ಗೆರೆಯನ್ನು ನಿಲ್ಲಿಸಿಕೊಂಡೆ ಎಂದು ಅವನಿಗೆ ಕುಣಿಯುವಷ್ಟು ಸಂತೋಷವಾಯಿತು. ಆಗ ಶಾಂತಕ್ಕ ಛತ್ರಿಯನ್ನು ಇನ್ನೊಂದು ಕೈಗೆ ಬದಲಾಯಿಸಿಕೊಂಡು, “ಒಳ್ಳೇದೇ ಆಯ್ತು ಬಿಡ್ರಿ. ಕೊಬ್ಬರಿ ಚೀಲ ಇಡಾಕೆ ಒಂದು ಕೋಣೆ ಆದಂಗಾಯ್ತು. ಬಾಗ್ಲು ಹಾಲಿನ ಕಡೀಕೆ ಇಡ್ಲಿ. ಕಿಟಕಿ ಬ್ಯಾಡ, ಇಲಿ ಬರ್ತವೆ,” ಎಂದಳು. ಸಣ್ಣಪ್ಪನವರು ಹೂಂ ಎಂದರು. ಅದು ಕೂಡ ತಾನಾಗಿಯೇ ಬಂದ ಹೂಂ. ಜಂಪಣ್ಣನಿಗೆ ಅದರ ಗುರುತು ಚೆನ್ನಾಗಿ ಸಿಕ್ಕಿತು. ಅವರಿಬ್ಬರೂ ಮೆಟ್ಟಿಲು ಬರುವ ಕಡೆ ಹೋದರು. ದುರುಗಣ್ಣ ಹೋಗುತ್ತ ಅವನ ಕೈ ಹಿಡಿದು ಒತ್ತಿ, “ಉಳಿಸಿದ್ರಿ ಸೋಮಿ” ಎಂದ.

ಅವನು ನಕ್ಷೆ ಸುತ್ತಲು ಕೂತ. ಅದು ಸುತ್ತಿಸಿಕೊಳ್ಳದೆ ಜಾರುತ್ತಿತ್ತು. ಗೋಡೆಯ ಆಚೆಯಿಂದ ಕಾಳಕ್ಕ, “ಉಂಡೇನಪ್ಪ?” ಎಂದಳು.

“ಹೋಗಿ ಉಣ್ಬೇಕು ಅಕ್ಕಾ.”

“ಭಾರ ಹೊರಾಕೇನು, ಈ ಗೋಡೆ?”

ಆಕೆ ಚೊಂಬನ್ನು ಗೋಡೆಯ ಮೇಲಿಟ್ಟು, ಅಂಗೈಯಿಂದ ಇಟ್ಟಿಗೆಯನ್ನು ಸವರಿದಳು. “ನಮ್ ತಮ್ಮ ನಂಗೂ ಹೇಳ್ದೇನೇ ಗುಟ್ಟಾಗಿ ಹಾಕ್ಸ್ಯಾನೆ ಅಂದ್ಕಂಡಿದ್ದೆ. ಹೆಂಡ್ತಿಗೆ ಗೊತ್ತಾಗ್ಬಾರ್ದು ಅಂತ ಊರಿಗೆ ಹೋಗೋ ಮುಂಚೆ ಮೇಸ್ತ್ರಿ ಕೈಯಾಗೆ ಹೇಳಿ ಹೋಗ್ಯಾನೆ ಅಂತ. ಅವ್ನು ಸಣ್ಣೋನಿದ್ದಾಗ್ಲೂ ಹಂಗೇಯ, ಬೆಲ್ಲ ತಂದು ನನ್ನ ದಿಂಬಿನ ಕೆಳಗೆ ಇಕ್ಕಿ ಸುಮ್ಕಿರೋನು. ಅದಕ್ಕೇ ನಾನೂ ಉಸಿರು ಬಿಡ್ಲಿಲ್ಲ. ಎಲ್ಡೊತ್ತೂ ನೀರು ಹಾಕಿದ್ದೇ ಹಾಕಿದ್ದು.” ಒಂದು ಸಲ ನಕ್ಕಳು. “ಭಾರಕ್ಕೆ ಅಂತೀಯಲ್ಲ ನೀನು.”

ಜಂಪಣ್ಣನಿಗೆ ತಡೆಯಲಾಗಲಿಲ್ಲ. ಅವಳಿಗೆ ಏನನ್ನಾದರೂ ಕೊಡಬೇಕು, ಈಗಲೇ ಕೊಡಬೇಕು ಎನ್ನಿಸಿತು. ಕೊಡಲು ಅವನಲ್ಲಿ ಇದ್ದದ್ದು ಒಂದೇ. “ಭಾರಕ್ಕಲ್ಲ ಕಾಳಕ್ಕ, ಅದು ಸುಳ್ಳು. ಮೊದ್ಲು ನಾನು ಬರ್ದಿದ್ದು ನಿಮ್ ಕೋಣೆನೇ. ಕಿಟಕಿನೂ ಇತ್ತು. ಆಮೇಲೆ ಅಳಿಸ್ದೆ. ಪೂರ್ತಿ ಅಳಿಸ್ಲಿಲ್ಲ, ಗೆರೆ ಉಳ್ಕಂಡು ಗೋಡೆ ಆಯ್ತು.”

“ಅಳಿಸು ಅಂದಿದ್ದು ಯಾರು? ಅವಳಾ?”

ಹೂಂ ಎಂದುಬಿಟ್ಟಿದ್ದರೆ ಆಗುತ್ತಿತ್ತು. ಅಷ್ಟು ಸುಲಭವಾಗಿ ಬರುವ ಮಾತು ಈಗ ಬಾಯಿಗೆ ಬರಲಿಲ್ಲ. ಅವನು ಕೈಯಲ್ಲಿದ್ದ ಸುರುಳಿಯನ್ನು ನೋಡುತ್ತ ಕೂತ. ಆಚೆಯಿಂದ, ಮೆಟ್ಟಿಲಿನ ಅಗಲದ ಬಗ್ಗೆ ಸಣ್ಣಪ್ಪನವರು ಏನೋ ಹೇಳುತ್ತಿದ್ದುದು ಕೇಳಿಸುತ್ತಿತ್ತು. ಕಾಳಕ್ಕನೂ ಆ ದನಿಯನ್ನು ಕೇಳಿದಳು. ಜಂಪಣ್ಣನ ಮುಖ ನೋಡಿದಳು. ಯಾರು ಎಂದು ಮತ್ತೆ ಕೇಳಲಿಲ್ಲ.

“ಅಳಿಸೋನು ಸರ್ಯಾಗಿ ಅಳಿಸ್ಬಾರ್ದೇನಪ್ಪ,” ಎಂದಳು. ಸಿಟ್ಟಿರಲಿಲ್ಲ, ತೊಳೆದ ಪಾತ್ರೆಯಲ್ಲಿ ಜಿಡ್ಡು ಉಳಿದಿದೆ ಎಂದು ತೋರಿಸುವಾಗಿನ ದನಿ. “ನಂಗೆ ಗೊತ್ತೇ ಆಗ್ತಿರ್ಲಿಲ್ಲ.”

ಗೋಣಿಚೀಲವನ್ನು ಎತ್ತಿ ಝಾಡಿಸಿ ಮಡಿಚಿ ಕಂಕುಳಲ್ಲಿಟ್ಟುಕೊಂಡಳು. ಚೊಂಬಿನಲ್ಲಿ ಉಳಿದಿದ್ದ ನೀರನ್ನು ಗೋಡೆಯ ಒಣಗಿದ್ದ ಕಡೆಗೆ ಸುರಿದು, ಕಲ್ಲು ಹತ್ತಿ ಈಚೆ ಇಳಿದು, ಇನ್ನೊಂದು ಚೊಂಬು ನೀರು ತರಲು ತೊಟ್ಟಿಯ ಕಡೆ ಹೋದಳು.